ನಡುವಯಸ್ಸಿನ ಹೊಸ ಕಾಯಕವೂ ಕಾಯದ ಪಾಲನೆಯೂ

ಭದ್ರಾವತಿಯಲ್ಲಿ ಹುಟ್ಟಿ ಬೆಳೆದ ನಾವೆಲ್ಲ ಬಹುಕಾಲ ಕಾರ್ಖಾನೆಯ ಸೈರನ್ನಿಗೆ ಕಿವಿಗೊಟ್ಟು ಬದುಕಿದವರು. ಪಾಳಿ ಆರಂಭವಾಗುವ ಹೊತ್ತು, ಊಟದ ಹೊತ್ತು, ಪಾಳಿ ಬಿಡುವ ಹೊತ್ತು ಎಲ್ಲವನ್ನೂ ಊರಿಗೆ ಊರೇ ಆ ಕೂಗಿನಿಂದ ತಿಳಿಯುತ್ತಿತ್ತು. ಹಳೇನಗರದ ತಾಯಂದಿರು ಅನ್ನಕ್ಕೆ ಎಸರಿಡುತ್ತಿದ್ದುದೂ, ನ್ಯೂಟೌನಿನ ಮಕ್ಕಳು ಆಟ ನಿಲ್ಲಿಸಿ ಮನೆಗೆ ಮರಳುತ್ತಿದ್ದುದೂ ಅದನ್ನು ಕೇಳಿಯೇ. 1918ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಯಿತು; 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಗೊಂಡಿತು. ಅಲ್ಲಿಂದ ಮೂರು ತಲೆಮಾರುಗಳ ಕಾಲ ಇಲ್ಲಿನ ದುಡಿಯುವವನ ದೇಹಕ್ಕೆ ವಿಶ್ರಾಂತಿ ಎಂದು, ಊಟ ಎಂದು, ಔಷಧ ಎಲ್ಲಿ ಎಂಬುದನ್ನು ಕಾರ್ಖಾನೆಯೇ ನಿಶ್ಚಯಿಸುತ್ತಿತ್ತು. ಕ್ಯಾಂಟೀನಿನಲ್ಲಿ ಊಟ, ವಾರಕ್ಕೊಂದು ರಜೆ, ಜ್ವರ ಬಂದರೆ ಕಾರ್ಖಾನೆಯ ಆಸ್ಪತ್ರೆ. ಅವನು ಅದನ್ನು ಸೌಲಭ್ಯವೆಂದು ಎಣಿಸಿದನೇ ಹೊರತು ತನ್ನ ಆಯುಷ್ಯದ ಆಧಾರವೆಂದು ಎಣಿಸಿರಲಿಲ್ಲ.

2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. ಅನೇಕರು ಸ್ವಯಂ ನಿವೃತ್ತಿ ಪಡೆದು ಹೊರಬಂದರು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಹೋರಾಡಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೀಗೆ ನಲವತ್ತೈದು, ಐವತ್ತು, ಐವತ್ತೈದರ ವಯಸ್ಸಿನಲ್ಲಿ ಕೈ ಖಾಲಿಯಾದವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತ ಬನ್ನಿ. ತಟ್ಟೆ ಇಡ್ಲಿಯ ಗಾಡಿ, ಎಣ್ಣೆ ಗಾಣ, ಹಿಟ್ಟಿನ ಗಿರಣಿ, ಅಡಿಕೆ ಹಾಳೆಯ ತಟ್ಟೆ ಮಾಡುವ ಶೆಡ್ಡು, ವೆಲ್ಡಿಂಗ್ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಲ್ಲಿ ಎಷ್ಟೋ ಮಂದಿಯ ತಲೆ ನರೆತಿದೆ. ಶಿವಮೊಗ್ಗದಲ್ಲಿ ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಮನೆಯಲ್ಲಿಯೇ ರೊಟ್ಟಿ, ಚಟ್ನಿಪುಡಿ, ಹಪ್ಪಳದ ವ್ಯವಹಾರ ಆರಂಭಿಸಿದ ತಾಯಂದಿರೂ ಬಡಾವಣೆಗೆ ಒಬ್ಬರಾದರೂ ಸಿಗುತ್ತಾರೆ.

ಇವರ ಸಾಹಸವನ್ನು ನಾವು ಮನಸಾರೆ ಗೌರವಿಸುತ್ತೇವೆ. ಐವತ್ತು ದಾಟಿದವನಿಗೆ ಹೊಸ ಕೆಲಸವೇಕೆ, ಇದ್ದುದರಲ್ಲಿ ತೃಪ್ತಿಪಟ್ಟು ಮೊಮ್ಮಕ್ಕಳನ್ನು ಆಡಿಸಿಕೊಂಡಿರಬಾರದೇ ಎನ್ನುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸೇವೆಯಿಂದ 1908ರಲ್ಲಿ ತಾವಾಗಿಯೇ ನಿವೃತ್ತರಾದಾಗ ಅವರಿಗೆ ನಲವತ್ತೇಳರ ಆಸುಪಾಸು. ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆ, ದಿವಾನಗಿರಿ ಎಲ್ಲವೂ ಬಂದದ್ದು ಆಮೇಲೆ. ದಿವಾನ ಪದವಿಯನ್ನೂ ಬಿಟ್ಟ ಬಳಿಕ, 1923ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ನಷ್ಟದ ಭಾರ ಹೊತ್ತಿದ್ದ ಭದ್ರಾವತಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ಅದನ್ನು ನಡೆಸಿದರು. ನೂರು ತುಂಬಿಸಿ 1962ರಲ್ಲಿ ಕಾಲವಾದರು. ಅವರ ಮಿತಾಹಾರ, ತಪ್ಪದ ನಡಿಗೆ, ನಿಮಿಷ ತಪ್ಪದ ದಿನಚರಿ ಮನೆಮಾತಾಗಿವೆ. ಅವರಿಗೆ ಸಹಾಯಕರಿದ್ದರು, ನಮ್ಮ ಇಡ್ಲಿ ಗಾಡಿಯವರಿಗೆ ಯಾರಿದ್ದಾರೆ ಎಂದು ಯಾರಾದರೂ ಕೇಳಿದರೆ ಆ ಮಾತೂ ನಿಜವೇ. ಆದರೆ ನಾವು ಅವರಲ್ಲಿ ಗಮನಿಸಬೇಕಾದ ಸಂಗತಿ ಬೇರೆಯದು: ದುಡಿಮೆ ಹೆಚ್ಚಿದಂತೆಲ್ಲ ಅವರು ದಿನಚರಿಯನ್ನು ಸಡಿಲಿಸಲಿಲ್ಲ.

ನಮ್ಮವರು ಮಾಡುವುದು ಇದಕ್ಕೆ ವಿರುದ್ಧ. ನೌಕರನಾಗಿದ್ದಾಗ ಇದ್ದ ನಿಯಮಗಳೆಲ್ಲ ಯಜಮಾನನಾದ ದಿನವೇ ಬಿದ್ದುಹೋಗುತ್ತವೆ. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ಕಾರ್ಮಿಕನನ್ನು ಐದು ಗಂಟೆಗಿಂತ ಹೆಚ್ಚು ಕಾಲ ಬಿಡುವಿಲ್ಲದೆ ದುಡಿಸುವಂತಿರಲಿಲ್ಲ. ನಡುವೆ ಅರ್ಧ ಗಂಟೆಯ ವಿರಾಮ ಕೊಡಲೇಬೇಕಿತ್ತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂಗಡಿಯ ನೌಕರನಿಗೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂಬ ಮಿತಿಯನ್ನೂ ವಾರಕ್ಕೆ ಒಂದು ಪೂರ್ಣ ದಿನದ ರಜೆಯನ್ನೂ ವಿಧಿಸಿತು. ತನ್ನ ಅಂಗಡಿಯಲ್ಲಿ ತಾನೇ ದುಡಿಯುವ ಯಜಮಾನನ ವಿಷಯದಲ್ಲಿ ಯಾವ ಕಾಯ್ದೆಯೂ ಬಾಯಿ ಬಿಡುವುದಿಲ್ಲ. ಅವನು ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ನಿಂತೇ ಇದ್ದರೂ ಕೇಳುವ ಇನ್‌ಸ್ಪೆಕ್ಟರ್ ಇಲ್ಲ. ನಾವು ಕಂಡ ಮಟ್ಟಿಗೆ, ಒಬ್ಬ ಮನುಷ್ಯನನ್ನು ಅತಿ ನಿರ್ದಯವಾಗಿ ದುಡಿಸಿಕೊಳ್ಳುವ ಮಾಲೀಕನೆಂದರೆ ಅವನೇ.

ಕಾಗದ ಕಾರ್ಖಾನೆಯಿಂದ ಹೊರಬಂದ ನಮ್ಮ ಆಪ್ತರೊಬ್ಬರ ಸಂಗತಿಯನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇವೆ. ಐವತ್ತೊಂದನೆಯ ವಯಸ್ಸಿನಲ್ಲಿ ಹಿಟ್ಟಿನ ಗಿರಣಿ ಹಾಕಿದರು. ಯಂತ್ರದ ಕೆಲಸ ಬಲ್ಲವರು, ಕೈಯ ಹದ ಬಲ್ಲವರು. ರಾಗಿ, ಜೋಳ, ಕಡುಬಿನ ಅಕ್ಕಿತರಿ ಯಾವುದೇ ಇರಲಿ, ಅವರು ಬೀಸಿದ ಹಿಟ್ಟು ಬೇರೆಯೇ ಎಂದು ಜನ್ನಾಪುರದಿಂದಲೂ ಜನ ಬರತೊಡಗಿದರು. ಅವರ ಮುಖದಲ್ಲಿ ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಕಾಣದಿದ್ದ ಒಂದು ತೃಪ್ತಿಯನ್ನು ನಾವು ಆ ದಿನಗಳಲ್ಲಿ ಕಂಡೆವು. ನಸುಕಿನಲ್ಲೇ ಬಾಗಿಲು ತೆರೆದರೆ ರಾತ್ರಿ ಒಂಬತ್ತೂವರೆಗೆ ಮುಚ್ಚುವುದು. ಮಧ್ಯಾಹ್ನದ ಊಟ ನಾಲ್ಕಕ್ಕೋ ಐದಕ್ಕೋ. ಅಲ್ಲಿಯವರೆಗೆ ಐದಾರು ಲೋಟ ಚಹ, ಪಕ್ಕದ ಗಾಡಿಯ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಕೆಲಸದಲ್ಲಿದ್ದಾಗ ಕಾರ್ಖಾನೆಯ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ತಾನಾಗಿ ನಡೆದುಹೋಗುತ್ತಿದ್ದವು. ಕೆಲಸ ಬಿಟ್ಟ ಮೇಲೆ ಮಾತ್ರೆ ಒಂದಷ್ಟು ದಿನ ಮುಂದುವರಿಯಿತು, ಪರೀಕ್ಷೆ ನಿಂತೇ ಹೋಯಿತು. ಗಿರಣಿಯೊಳಗೆ ಅವರು ಬರಿಗಾಲಿನಲ್ಲಿಯೇ ಇರುತ್ತಿದ್ದರು. ಧಾನ್ಯದ ಮುಂದೆ ಚಪ್ಪಲಿ ಹಾಕಬಾರದೆಂಬ ಭಾವನೆ ನಮ್ಮಲ್ಲಿ ಯಾರಿಗೆ ಇಲ್ಲ? ಒಂದು ದಿನ ಹೆಬ್ಬೆರಳಿಗೆ ತಗಡಿನ ಚೂರು ತಾಗಿತು. ನೋವಾಗಲಿಲ್ಲ. ನೋವಾಗದಿದ್ದುದೇ ಕೆಟ್ಟ ಸೂಚನೆ ಎಂದು ಆಗ ಅವರಿಗೂ ತಿಳಿಯಲಿಲ್ಲ, ಪಕ್ಕದಲ್ಲೇ ಇದ್ದ ನಮಗೂ ತಿಳಿಯಲಿಲ್ಲ. ವರ್ಷಗಳ ಕಾಲ ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಪಾದದ ನರಗಳು ಮರಗಟ್ಟುತ್ತವೆ. ರಕ್ತಸಂಚಾರವೂ ಕುಗ್ಗುವುದರಿಂದ ಗಾಯ ಮಾಯುವುದಿಲ್ಲ. ಮೂರು ವಾರ ಅರಿಸಿನ ಹಚ್ಚಿಕೊಂಡು ಬಟ್ಟೆ ಸುತ್ತಿದರು. ಶಿವಮೊಗ್ಗದ ಆಸ್ಪತ್ರೆಗೆ ಹೋದಾಗ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಗಿರಣಿ ಮೂರು ತಿಂಗಳು ಮುಚ್ಚಿತು. ದಿನಕ್ಕೆ ಅರ್ಧ ಗಂಟೆ ಬಾಗಿಲು ಹಾಕಿದರೆ ಗಿರಾಕಿ ಕೈತಪ್ಪಿ ಹೋಗುತ್ತಾರೆಂದು ಅಂಜುತ್ತಿದ್ದವರ ಗಿರಾಕಿಗಳೆಲ್ಲ ಆ ಮೂರು ತಿಂಗಳಲ್ಲಿ ಬೇರೆ ಗಿರಣಿಗೆ ಹೋದರು.

ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಬಹುಕಾಲ ಯಾವ ಸದ್ದೂ ಮಾಡದೆ ಇರುತ್ತವೆಂಬುದನ್ನು ಓದುಗ ಬಾಂಧವರು ಕೇಳಿರುತ್ತೀರಿ. ಕೇಳಿಯೂ ನಂಬಿರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ದಿನವೂ ಮಲಗುವ ಮುನ್ನ ತಮ್ಮ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು; ಬಗ್ಗಲಾಗದಿದ್ದರೆ ಕನ್ನಡಿ ಹಿಡಿದೋ ಮನೆಯವರಿಂದಲೋ ನೋಡಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲದ ಮತ್ತು ಮೂತ್ರಪಿಂಡದ ಪರೀಕ್ಷೆ ತಪ್ಪಬಾರದು. ಮೂವತ್ತು ದಾಟಿದ ಎಲ್ಲರಿಗೂ ರಕ್ತದೊತ್ತಡ, ಸಕ್ಕರೆಯ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುತ್ತಾರೆ. ಅಂಗಡಿ ಬಿಟ್ಟು ಹೋಗಲು ಹೊತ್ತಿಲ್ಲ ಎಂಬುದೊಂದೇ ಅಡ್ಡಿ. ಆ ಅಡ್ಡಿಗೆ ಔಷಧವಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಗಲ್ಲಾದ ಮೇಲೆ ಕುಳಿತವರಿಗೆ ಎದೆ ಬಿಗಿದು, ಬೆವರಿಳಿದು, ಎಡಗೈಯೋ ದವಡೆಯೋ ಹಿಡಿದುಕೊಂಡರೆ ಅದನ್ನು ಗ್ಯಾಸ್ ಎಂದು ತೀರ್ಮಾನಿಸಿ ಸೋಡಾ ತರಿಸಿ ಕುಡಿಯುವುದು ನಮ್ಮ ಊರುಗಳಲ್ಲಿ ರೂಢಿಯಾಗಿಬಿಟ್ಟಿದೆ. ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರಿಯ ಆಯಾಸ, ಉಸಿರುಕಟ್ಟು ಮಾತ್ರ ಕಾಣಿಸಿಕೊಳ್ಳಬಹುದು. ಹೃದಯಾಘಾತದಲ್ಲಿ ಮೊದಲ ಗಂಟೆಯೇ ಅಮೂಲ್ಯ. ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು ತಜ್ಞರ ಸಲಹೆ ಪಡೆದು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದೆ. ಅಂಗಡಿ ಮುಚ್ಚುವ ಹೊತ್ತಿನವರೆಗೆ ಕಾದು ಹೋದವರಿಗೆ ಆ ಚುಚ್ಚುಮದ್ದಿನ ಪ್ರಯೋಜನ ಅಷ್ಟಿಲ್ಲ.

ತಾಯಂದಿರ ಸಂಗತಿ ಇನ್ನೂ ಸೂಕ್ಷ್ಮವಾದುದು. ನಡುವಯಸ್ಸಿನ ಹೊಸ ಉದ್ಯೋಗವೆಂದರೆ ಗಂಡಸಿಗೆ ಒಂದು ಕೆಲಸ ಹೋಗಿ ಇನ್ನೊಂದು ಕೆಲಸ ಬಂದಂತೆ. ಹೆಂಗಸಿಗೆ ಮೊದಲಿನ ಕೆಲಸ ಹೋಗುವುದೇ ಇಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ನಲವತ್ತೇಳರ ವಯಸ್ಸಿನಲ್ಲಿ ಖಡಕ್ ರೊಟ್ಟಿಯ ವ್ಯವಹಾರ ಆರಂಭಿಸಿದ ಅಕ್ಕನವರೊಬ್ಬರನ್ನು ನಾವು ಬಲ್ಲೆವು. ದಿನಕ್ಕೆ ಐವತ್ತು ರೊಟ್ಟಿಯಿಂದ ಆರಂಭವಾದದ್ದು ವರ್ಷದೊಳಗೆ ಇನ್ನೂರಕ್ಕೇರಿತು. ಮದುವೆಯ ದಿನಗಳಲ್ಲಿ ಐನೂರು. ತಟ್ಟಿ ತಟ್ಟಿ ಮಣಿಕಟ್ಟು ಊದಿತು, ಬೆರಳುಗಳು ರಾತ್ರಿ ಜೋಮು ಹಿಡಿಯತೊಡಗಿದವು, ಒಲೆಯ ಮುಂದೆ ನಿಂತು ಮೊಣಕಾಲು ಸೋತಿತು. ಇದರ ನಡುವೆ ಮುಟ್ಟು ನಿಲ್ಲುವ ಕಾಲ. ನಮ್ಮ ದೇಶದ ಹೆಂಗಸರಲ್ಲಿ ಸಾಮಾನ್ಯವಾಗಿ ನಲವತ್ತೈದರಿಂದ ಐವತ್ತರೊಳಗೆ ಬರುವ ಈ ಕಾಲದಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ನಿದ್ರೆ ಕೆಡುವುದು, ಕಾರಣವಿಲ್ಲದೆ ಕಣ್ಣೀರು ಬರುವುದು ಉಂಟು. ಆ ಅಕ್ಕನವರು ಇದನ್ನೆಲ್ಲ ಒಲೆಯ ಕಾವೆಂದೇ ತಿಳಿದಿದ್ದರು. ತಿಂಗಳಿಗೆ ಎರಡು ಬಾರಿ ಅತಿಯಾಗಿ ರಕ್ತ ಹೋಗುತ್ತಿದ್ದುದನ್ನೂ ಯಾರಿಗೂ ಹೇಳಿರಲಿಲ್ಲ. ಮೆಟ್ಟಿಲು ಹತ್ತುವಾಗ ತಲೆಸುತ್ತಿ ಬಿದ್ದ ಮೇಲೆಯೇ ಪರೀಕ್ಷೆಯಾಗಿ, ರಕ್ತಹೀನತೆಯೂ ಥೈರಾಯ್ಡ್ ದೋಷವೂ ತಿಳಿದುಬಂದುದು. ಈ ವಯಸ್ಸಿನಲ್ಲಿ ಅತಿ ರಕ್ತಸ್ರಾವವನ್ನು, ಅದರಲ್ಲಿಯೂ ಮುಟ್ಟು ಪೂರ್ಣ ನಿಂತು ವರ್ಷವಾದ ಮೇಲೆ ಮತ್ತೆ ಕಾಣುವ ರಕ್ತವನ್ನು, ಸಹಜವೆಂದು ಬಿಡಬಾರದು. ಕೂಡಲೇ ವೈದ್ಯರಿಗೆ ತೋರಿಸಬೇಕು.

ಆ ಮನೆಯಲ್ಲಿ ನಿವೃತ್ತರಾದ ಪತಿಯೂ ಕೆಲಸ ಹುಡುಕುತ್ತಿದ್ದ ಮಗನೂ ಇದ್ದರು. ಹೆಂಡತಿಯ ರೊಟ್ಟಿಯ ಖ್ಯಾತಿಯನ್ನು ಪತಿ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಸಂಜೆಯ ಪಾತ್ರೆ ಮಾತ್ರ ಅವರಿಗಾಗಿಯೇ ಕಾದಿರುತ್ತಿತ್ತು. ನಾವು ಯಾರ ಮನೆಯ ವ್ಯವಹಾರಕ್ಕೂ ತಲೆ ಹಾಕುವವರಲ್ಲ. ಆದರೂ ಹೆಂಗಸಿನ ಉದ್ಯೋಗಕ್ಕೆ ಆಶೀರ್ವಾದ ಬೇಡುವ ಕುಟುಂಬ ಮೊದಲು ಮನೆಗೆಲಸವನ್ನು ಹಂಚಿಕೊಳ್ಳಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅಷ್ಟನ್ನೂ ಮಾಡಲಾಗದಿದ್ದರೆ ಅವರ ದುಡಿಮೆಯನ್ನು ಹೊಗಳುವ ಹಕ್ಕು ಯಾರಿಗೂ ಇಲ್ಲ.

ಈ ಮಾತುಗಳನ್ನು ಆಡುವಾಗ ಭಕ್ತರಲ್ಲಿ ಕೆಲವರು ಎತ್ತುವ ಆಕ್ಷೇಪವೊಂದುಂಟು. ಶರಣರು ಕಾಯಕವನ್ನು ಪೂಜೆಗಿಂತ ಮಿಗಿಲಾಗಿ ಕಂಡರು, ನುಲಿಯ ಚಂದಯ್ಯನವರು ಜಾರಿಬಿದ್ದ ಇಷ್ಟಲಿಂಗವನ್ನೂ ಲೆಕ್ಕಿಸದೆ ಹುಲ್ಲು ಕೊಯ್ಯುವುದನ್ನು ಮುಂದುವರಿಸಿದರು, ನಾವು ವಿಶ್ರಾಂತಿಯ ಮಾತನ್ನಾಡುವುದು ಸೋಮಾರಿತನಕ್ಕೆ ದಾರಿಯಲ್ಲವೇ ಎನ್ನುತ್ತಾರೆ. ಚಂದಯ್ಯನವರ ಕಥೆ ಕಾಯಕದ ನಿಷ್ಠೆಯನ್ನು ಹೇಳುತ್ತದೆ. ಹಗಲಿರುಳು ಹುಲ್ಲು ಕೊಯ್ದು ಹಗ್ಗದ ರಾಶಿ ಹಾಕಿದರೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಕಾಯಕದ ಅಳತೆಯನ್ನು ತಿಳಿಯಬೇಕಾದರೆ ಆಯ್ದಕ್ಕಿ ಲಕ್ಕಮ್ಮನವರ ಕಡೆ ನೋಡಬೇಕು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕಿದ್ದನ್ನು ತಂದ ಜಾಗದಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದವರು ಅವರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಹೆಚ್ಚುವರಿ ಆರ್ಡರನ್ನು ಬೇಡವೆಂದವರು. ನಮ್ಮ ಅಂಗಡಿಕಾರರಿಗೆ ಅತಿ ಕಠಿಣವಾದ ಸಾಧನೆ ಅದೇ. ಕಾಯಕವೆಂಬ ಮಾತಿನೊಳಗೇ ಕಾಯವಿದೆ. ಕಾಯವನ್ನು ಸುಟ್ಟು ನಡೆಸುವ ದುಡಿಮೆಗೆ ಬೇರೆ ಹೆಸರು ಹುಡುಕಬೇಕು.

ದೇಹದ ವಿಚಾರದಲ್ಲಿ ಹಣದ ಮಾತೇಕೆ ಎನ್ನಬೇಡಿ, ನಡುವಯಸ್ಸಿನಲ್ಲಿ ನಿದ್ರೆ ಕೆಡಿಸುವುದು ಮೊದಲು ಸಾಲದ ಕಂತು. ಸ್ವಯಂ ನಿವೃತ್ತಿಯ ಇಡುಗಂಟನ್ನೆಲ್ಲ ಯಂತ್ರಕ್ಕೂ ಮಳಿಗೆಯ ಮುಂಗಡಕ್ಕೂ ಸುರಿದವರು ಜ್ವರ ಬಂದರೂ ಮಲಗಲಾರರು. ಮನೆಯ ಒಂದು ವರ್ಷದ ಖರ್ಚನ್ನು ಮುಟ್ಟದೆ ಬದಿಗಿಟ್ಟು, ಉಳಿದುದರಲ್ಲಿ ಸಾಧ್ಯವಾದಷ್ಟೇ ಚಿಕ್ಕದಾಗಿ ಆರಂಭಿಸಿರೆಂದು ನಾವು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇವೆ. ಇಎಸ್ಐ ವ್ಯಾಪ್ತಿಯಲ್ಲಿ ಕನಿಷ್ಠ ಐದು ವರ್ಷ ದುಡಿದು ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಪಡೆದವರು ವರ್ಷಕ್ಕೆ ಕೇವಲ 120 ರೂಪಾಯಿ ಕಟ್ಟಿ ತಮಗೂ ತಮ್ಮ ಪತ್ನಿ ಅಥವಾ ಪತಿಗೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದು. ಇದನ್ನು ಅರಿಯದೆ ಬಿಟ್ಟವರು ಬಹಳ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಉಂಟು. ಖಾಸಗಿ ಆರೋಗ್ಯ ವಿಮೆ ಮಾಡಿಸುವವರು ಕಾಯಿಲೆಯನ್ನು ಮರೆಮಾಚದೆ ಬರೆಸಬೇಕು. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಗರಿಷ್ಠ ಮೂರು ವರ್ಷಕ್ಕೆ ಇಳಿಸಿದೆ. ಅಂಗಡಿ ತೆರೆದ ತಿಂಗಳೇ ವಿಮೆ ಮಾಡಿಸಿದವರಿಗೆ ವ್ಯಾಪಾರ ನೆಲೆಯೂರುವ ಹೊತ್ತಿಗೆ ಆ ಅವಧಿಯೂ ಮುಗಿದಿರುತ್ತದೆ.

ನಡಿಗೆಯ ವಿಷಯವನ್ನು ವಿಸ್ತರಿಸುವ ಅಗತ್ಯವಿಲ್ಲ. ವಾರಕ್ಕೆ ನೂರೈವತ್ತು ನಿಮಿಷ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಇಡೀ ದಿನ ಅಂಗಡಿಯಲ್ಲಿ ನಿಂತೇ ಇರುತ್ತೇವಲ್ಲ, ಬೇರೆ ನಡಿಗೆಯೇಕೆ ಎಂಬ ಪ್ರಶ್ನೆಗೆ ಒಂದು ಮಾತು: ಒಂದೇ ಕಡೆ ನಿಂತರೆ ಕಾಲಿನ ರಕ್ತನಾಳ ಉಬ್ಬುತ್ತದೆ, ಹೃದಯಕ್ಕೆ ವ್ಯಾಯಾಮವಾಗುವುದಿಲ್ಲ. ಶಿವಮೊಗ್ಗದವರಿಗೆ ನೆಹರು ಕ್ರೀಡಾಂಗಣವಿದೆ. ಭದ್ರಾವತಿಯವರಿಗೆ ಕಾಗದನಗರದ ಮರಗಳ ನೆರಳಿನ ರಸ್ತೆಗಳಿವೆ, ವಾಹನದ ಕಾಟವೂ ಈಗ ಅಲ್ಲಿ ಕಡಿಮೆ. ಹಾಗಾದ ಕಾರಣವನ್ನು ನೆನೆದರೆ ಮಾತ್ರ ಮನಸ್ಸು ಭಾರವಾಗುತ್ತದೆ.

ಹೊಸ ಅಂಗಡಿಯ ಪೂಜೆಗೆ ಕರೆದಾಗ ನಾವು ಈಚೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತೇವೆ: ಬಾಗಿಲು ಹಾಕುವುದು ಎಷ್ಟು ಹೊತ್ತಿಗೆ, ವಾರದ ರಜೆ ಎಂದು? ಶುಭದಿನದಲ್ಲಿ ಬಾಗಿಲು ಹಾಕುವ ಮಾತೇಕೆಂದು ಹಿರಿಯರು ಕೆಲವರು ಮುಖ ಸಿಂಡರಿಸಿದ್ದೂ ಉಂಟು. ಬೇಸರವಿಲ್ಲ. ವಿನೋಬನಗರದ ಅಕ್ಕನವರು ಈಗ ಇಬ್ಬರು ಹೆಂಗಸರನ್ನು ಕೂಲಿಗೆ ಇಟ್ಟುಕೊಂಡಿದ್ದಾರೆ, ರೊಟ್ಟಿಯ ಬೆಲೆಯನ್ನು ತುಸು ಏರಿಸಿದ್ದಾರೆ, ದಿನಕ್ಕೆ ನೂರೈವತ್ತರ ಮೇಲೆ ಒಂದನ್ನೂ ಒಪ್ಪಿಕೊಳ್ಳುವುದಿಲ್ಲ. ಮಂಗಳವಾರ ಒಲೆ ಹಚ್ಚುವುದಿಲ್ಲ. ಅಂದು ಪತಿಯೇ ಅಡುಗೆ ಮಾಡುತ್ತಾರಂತೆ. ಉಪ್ಪು ಹೆಚ್ಚಾಗುತ್ತದೆಂಬುದು ಅಕ್ಕನವರ ದೂರು.

ಗಿರಣಿಯವರೂ ಮರಳಿ ಬಾಗಿಲು ತೆರೆದಿದ್ದಾರೆ. ಒಳಗೆ ಓಡಾಡಲು ಮುಂಗಾಲು ಮುಚ್ಚುವ ಬೂಟನ್ನು ಬೇರೆಯಾಗಿ ಇಟ್ಟಿದ್ದಾರೆ. ಅದು ಗಿರಣಿಯ ಹೊಸ್ತಿಲು ದಾಟಿ ಬೀದಿಗಿಳಿಯುವುದಿಲ್ಲವಾದ್ದರಿಂದ ಧಾನ್ಯಕ್ಕೆ ಮೈಲಿಗೆಯಿಲ್ಲವೆಂದು ತಾವೇ ಸಮಾಧಾನ ಮಾಡಿಕೊಂಡಿದ್ದಾರೆ. ಮಾತ್ರೆಯ ಡಬ್ಬಿ ಗಲ್ಲಾಪೆಟ್ಟಿಗೆಯೊಳಗೆ ಚಿಲ್ಲರೆಯ ಪಕ್ಕದಲ್ಲಿದೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಗಿರಣಿ ಮುಚ್ಚಿರುತ್ತದೆಂದು ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿದ್ದಾರೆ. ಮೊದಮೊದಲು ಗಿರಾಕಿಗಳು ಗೊಣಗಿದರು. ಈಗ ಹನ್ನೆರಡೂಮುಕ್ಕಾಲಿಗೆ ಚೀಲ ಹೊತ್ತು ಅವಸರದಿಂದ ಬರುತ್ತಾರೆ. ಒಂದು ಹೊಡೆಯುತ್ತಲೇ ಅವರು ಬೆಲ್ಟು ಕಳಚಿ, ಕೈಗೆ ಮೆತ್ತಿದ ಹಿಟ್ಟನ್ನು ಕೊಡವಿಕೊಂಡು, ಸೈರನ್ ಆಯಿತೆಂದು ನಗುತ್ತ ಮನೆಯತ್ತ ಹೊರಡುತ್ತಾರೆ.